ಎಡಗೈ ಏಳದ ಕಾರು

ಮಳೆ ತಗಡಿನ ಮೇಲೆ ಬಿದ್ದ ರಭಸಕ್ಕೆ ಅಜ್ಜನ ಶೆಡ್ಡಿನ ಬಲ್ಬು ಎರಡು ಸಲ ಮಂಕಾಗಿ ಮತ್ತೆ ಹತ್ತಿಕೊಂಡಿತು. ಸಂಜೆ ಆರು ಗಂಟೆ. ಹೊರಡಲು ಸಿದ್ಧಳಾಗಿದ್ದ ಮೊಮ್ಮಗಳು ಕಾರಿನ ಕೀಲಿ ಹಿಡಿದು ನಿಂತೇ ಉಳಿದಳು. ಅವಳ ಗಂಡ ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತ. ಪಕ್ಕದ ಅಂಗಡಿಯ ಸೀಟು ಹೊಲಿಯುವವನು ಟೀ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ನಡುವೆ ಕಾರು. ಅಜ್ಜನಿಗಿಂತ ಎರಡೇ ವರ್ಷ ಚಿಕ್ಕದು, ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಕಡು ಹಸಿರು ಬಣ್ಣ, ಆಮೆಯ ಬೆನ್ನಿನಂಥ ಮೈ.

ಅಜ್ಜನ ಕಣ್ಣು ಮಂಜಾಗಿತ್ತು. ಹಾಗಾಗಿ ಇವತ್ತಿನಿಂದ ಕಾರು ಮೊಮ್ಮಗಳದು. ಅವಳು ಎಲೆಕ್ಟ್ರಿಷಿಯನ್. ಚೀಲದಲ್ಲಿ ಎರಡು ಹೊಸ ಮಿನುಗುದೀಪಗಳನ್ನು ತಂದಿದ್ದಳು. "ಆ ಮುರುಕಲು ಎಡಗೈ ಕಿತ್ತು ಇದನ್ನ ಹಾಕ್ತೀನಿ ಅಜ್ಜ" ಎಂದಾಗಿನಿಂದ ಅಜ್ಜ ತುಟಿ ಬಿಚ್ಚಿರಲಿಲ್ಲ. ಏನು ತಪ್ಪಾಡಿದೆನೋ ಎಂದು ಅವಳಿಗೆ ಒಳಗೊಳಗೇ ಕಸಿವಿಸಿ.

"ಮಳೆ ನಿಲ್ಲೋವರೆಗೂ ಕೂತ್ಕೊಳ್ಳಿ" ಎಂದ ಅಜ್ಜ ಕೊನೆಗೆ. "ಒಂದು ವಿಷ್ಯ ಹೇಳದೇನೇ ಕೀಲಿ ಕೊಟ್ಟುಬಿಟ್ಟೆ."

"ದೆವ್ವದ ಕತೆನಾ?" ಸೀಟು ಹೊಲಿಯುವವನು ನಕ್ಕ.

"ನೀನು ಹೊಲಿದ ಸೀಟಿನ ಕತೆನೇ. ಸುಮ್ನೆ ಟೀ ಬಗ್ಗಿಸು."

ಅಜ್ಜ ಬಾನೆಟ್ಟಿನ ಮೇಲೆ ಕೈಯಿಟ್ಟ.

"ಇದಕ್ಕೆ ಮಿನುಗೋ ದೀಪ ಇಲ್ಲ, ನೋಡಿದೀರಲ್ಲ… ಎಡಕ್ಕೆ ತಿರುಗಬೇಕಾದ್ರೆ ಎರಡು ಬಾಗಿಲ ನಡುವಿನ ಕಂಬದಿಂದ ಗೇಣುದ್ದದ ಕೈ ಹೊರಗೆ ಏಳುತ್ತೆ, ಮೈಯೆಲ್ಲ ಕಿತ್ತಳೆ ಬೆಳಕು. ಯಾವುದೋ ಕಾಲದಲ್ಲಿ ಗೇಟಿಗೆ ತಾಗಿ ಎಡಗೈ ಕೀಲು ಬಾಗಿತ್ತು. ಸ್ವಿಚ್ ಹಾಕಿದ್ರೆ ಗುಂಯ್ ಅನ್ನೋದು, ಏಳ್ತಿರಲಿಲ್ಲ. ರಿಪೇರಿ ಮಾಡ್ತೀನಿ, ಮಾಡ್ತೀನಿ ಅಂತ ಮೂವತ್ತು ವರ್ಷ ಅಂದೆ. ನಿಮ್ಮಜ್ಜಿ ಪಕ್ಕದಲ್ಲಿ ಕೂತಿರ್ತಿದ್ಲು, ಅವಳ ಭುಜದ ಹಿಂದೇನೇ ಆ ಕಂಬ. ಮುಷ್ಟಿ ಕಟ್ಟಿ ಡಬ್, ಡಬ್… ಎರಡೇ ಏಟು. 'ಏಳೋ ಸೋಮಾರಿ' ಅಂತ ಬೈಗುಳ ಬೇರೆ. ಪಟ್ಟಂತ ಏಳೋದು. ಬೆಳಿಗ್ಗೆ ನನ್ನ ಎಬ್ಬಿಸ್ತಿದ್ದದ್ದೂ ಹಾಗೇ ಅನ್ನಿ."

ಎಲ್ಲರೂ ನಕ್ಕರು.

"ಅವಳು ಹೋಗಿ ಒಂದು ತಿಂಗಳಾಗಿತ್ತು. ಬ್ರೆಡ್ಡು ತರೋಕೆ ಹೊರಟಿದ್ದೆ, ಒಬ್ಬನೇ. ಆಸ್ಪತ್ರೆ ಎದುರಿನ ಎಡ ತಿರುವು. ಸ್ವಿಚ್ ಹಾಕ್ದೆ, ಗುಂಯ್ ಅಂತು. ನಾನೇ ಗುದ್ದೋಣ ಅಂತ ಆ ಕಡೆ ಬಾಗ್ತಿದೀನಿ… ಡಬ್, ಡಬ್. ಕೈ ಎದ್ದು ನಿಂತಿತು. ಪಕ್ಕದ ಸೀಟು ನೋಡಿದ್ನಾ? ಧೈರ್ಯ ಎಲ್ಲಿತ್ತು? ಎರಡು ದಿನ ಕಾರು ಮುಟ್ಟಲಿಲ್ಲ. ಮೂರನೇ ದಿನ ಯೋಚ್ನೆ ಬಂತು… ಭಯ ಯಾರಿಗೆ, ಅವಳಿಗಾ? ಬದುಕಿದ್ದಾಗ ಇದಕ್ಕಿಂತ ಜಾಸ್ತಿ ಹೆದರ್ತಿದ್ದೆನಲ್ಲ! ಆಮೇಲಿಂದ ಬಲಗಡೆ ಇರೋ ಅಂಗಡಿಗೂ ಮೂರು ಸಲ ಎಡಕ್ಕೆ ತಿರುಗಿ, ಬೀದಿ ಸುತ್ತಿ ಹೋಗ್ತಿದ್ದೆ.

"ಅವಳು ಕೂರೋ ಜಾಗ ಚೆನ್ನಾಗಿರ್ಲಿ ಅಂತ ಕಾರನ್ನ ಪೂರ್ತಿ ಬಿಚ್ಚಿದೆ. ಎರಡು ವರ್ಷ. ತುಕ್ಕು ತಿಂದ ನೆಲ ಕತ್ತರಿಸಿ ಹೊಸ ತಗಡು ಬೆಸೆದೆ, ಎಂಜಿನ್ ಇಳಿಸಿದೆ, ಎಲ್ಲೂ ಸಿಗದ ಬುಷ್ಷುಗಳನ್ನ ಲೇತ್ ಮೇಲೆ ನಾನೇ ಕಡೆದೆ. ಇವನು ಸೀಟು ಹೊಲಿದ. ಕೊನೆಗೆ… ಎಂಥ ಬುದ್ಧಿವಂತ ನೋಡಿ ನಾನು… ಆ ಬಾಗಿದ ಕೀಲೂ ಕಿತ್ತು ಹೊಸದು ಹಾಕಿದೆ. ಎಡಗೈ ಸಿಪಾಯಿ ಥರ ಎದ್ದು ನಿಲ್ಲೋಕೆ ಶುರುಮಾಡ್ತು. ಡಬ್ ಡಬ್ ನಿಂತುಹೋಯ್ತು. ಒಂದು ವಾರ, ಒಂದು ತಿಂಗಳು, ಒಂದು ಇಡೀ ಮಳೆಗಾಲ… ಕೆಲಸ ಇಲ್ಲದ ಕಡೆ ಅವಳು ಒಂದು ನಿಮಿಷ ಕೂತವಳಲ್ಲ. ಕಾರು ಫಳಫಳ ಅಂತಿತ್ತು. ಅದರೊಳಗೆ ನಾನೊಬ್ಬನೇ."

ಮೊಮ್ಮಗಳು ಚೀಲವನ್ನು ಮೆಲ್ಲಗೆ ಕಾಲಿನಿಂದ ಹಿಂದಕ್ಕೆ ಸರಿಸಿದಳು.

"ಒಂದು ದಿನ ಮೊಳೆ ಡಬ್ಬ ನೆಲಕ್ಕೆ ಸುರಿದು ಆ ಹಳೇ ಕೀಲು ಹುಡುಕಿದೆ. ಕೂದಲೆಳೆ ವ್ಯತ್ಯಾಸ ಇದ್ರೂ ಪಾರ್ಟು ತಿಪ್ಪೆಗೆ ಎಸೀತಿದ್ದವನು ನಾನು… ಬೇಕು ಅಂತ್ಲೇ ಕೆಟ್ಟ ಕೀಲನ್ನ ವಾಪಸ್ ಕೂರಿಸಿದೆ. ಅದೇ ತಿರುವಿಗೆ ಹೋಗಿ ಸ್ವಿಚ್ ಹಾಕ್ದೆ. ಗುಂಯ್… ಏಳಲಿಲ್ಲ. ಹಿಂದೆ ಲಾರಿಯವನು ಹಾರ್ನ್ ಹೊಡೀತಿದಾನೆ, ನನ್ನ ವಂಶಾನೆಲ್ಲ ಬೈತಿದಾನೆ. ನಾನು ಕದಲಲಿಲ್ಲ. 'ತಪ್ಪಾಯ್ತು ಕಣೇ' ಅಂದೆ, ಬಾಯಿಬಿಟ್ಟೇ ಅಂದೆ… ಡಬ್. ಡಬ್. ಆಮೇಲೆ ಇನ್ನೊಂದು, ಜೋರಾಗಿ… ಡಬ್! ಮೂರನೇದು ಕಾರಿಗಲ್ಲ, ನನಗೆ."

ಅಜ್ಜ ಮೊಮ್ಮಗಳ ಕಡೆ ತಿರುಗಿದ.

"ಕಾರು ನಿಂದು ಪುಟ್ಟಿ, ನಿನ್ನಿಷ್ಟ. ಆದ್ರೆ ಆ ಕೈ ಕಿತ್ತರೆ ಅವಳು ಎರಡನೇ ಸಲ ಹೋಗ್ತಾಳೆ. ಮೊದಲನೇದೇ ನನಗಿನ್ನೂ ಅರಗಿಲ್ಲ."

ಸಡಿಲ ವೈರು, ಬಿಸಿಗೆ ಹಿಗ್ಗಿದ ಲೋಹ, ಹೊಂಡ ಬಿದ್ದ ರಸ್ತೆ ಎಂದು ಮೊಮ್ಮಗಳ ತಲೆ ಒಂದೊಂದೇ ಕಾರಣ ಹುಡುಕುತ್ತಿತ್ತು. ಯಾವುದೂ ಅವಳಿಗೇ ಒಪ್ಪಿಗೆಯಾಗಲಿಲ್ಲ. ದೀಪಗಳನ್ನು ಚೀಲದಿಂದ ತೆಗೆದು ಬೆಂಚಿನ ಮೇಲಿಟ್ಟಳು. "ಬೇಕಾದ್ರೆ ಹಿಂದುಗಡೆ ಒಂದು ಜೊತೆ ಹಾಕ್ತೀನಿ ಅಜ್ಜ. ಕೈ ಮುಟ್ಟಲ್ಲ."

ಅಜ್ಜ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದ.

ಮಳೆ ತೆಳುವಾಯಿತು. ಮೊಮ್ಮಗಳು ಸ್ಟೀರಿಂಗ್ ಹಿಂದೆ ಕೂತಳು. ಗಂಡ ಈಚೆ ಬಂದು ಮುಂದಿನ ಎಡ ಬಾಗಿಲು ತೆರೆದು ಒಳಗೆ ಒಂದು ಕಾಲಿಟ್ಟ.

"ಅಳಿಯಂದ್ರೇ, ಹಿಂದೆ ಕೂತ್ಕೊಳ್ಳಿ" ಎಂದ ಅಜ್ಜ. "ಅದು ಖಾಲಿ ಇಲ್ಲ… ಹಾಂ, ಬಾಗಿಲು ಸ್ವಲ್ಪ ನಿಧಾನಕ್ಕೆ ಹಾಕಿ. ಅವಳ ಕೈ ಆ ಕಂಬದ ಮೇಲೇ ಇರುತ್ತೆ, ಬೆರಳು ಸಿಕ್ಕಿಬಿಟ್ಟಾವು."