ಎಂಟಣ್ಣನ ಎಂಟು ಸೆಕೆಂಡು

ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಮಗಳಿಗೆ ನಮಸ್ಕಾರ. ವೇದಿಕೆಯ ಮೇಲಿರುವ ಮ್ಯಾನೇಜರ್ ಸಾಹೇಬರಿಗೆ, ಹಿಂದೆ ನಿಂತಿರುವ ಪೈಲಟ್ ತರಬೇತಿಯ ಮಕ್ಕಳಿಗೆ, ನಮ್ಮ ಸಿಬ್ಬಂದಿಗೆ, ಎಲ್ಲರಿಗೂ.

ನನಗಿಂತ ಮೊದಲು ನಾಲ್ಕು ಜನ ಮಾತಾಡಿದರು. ನಾಲ್ವರೂ ನಮ್ಮನ್ನಗಲಿದ ಎಂಟಣ್ಣನನ್ನು ‘ನಿಖರತೆಯ ಸಾಕಾರಮೂರ್ತಿ’ ಎಂದರು. ಈ ಬ್ಯಾನರಿನಲ್ಲೂ ಅದೇ ಇದೆ, ದಪ್ಪ ಅಕ್ಷರದಲ್ಲಿ. ಕೇಳುತ್ತ ಕೇಳುತ್ತ ನನಗೆ ವಾಕರಿಕೆ ಬಂತು. ಕ್ಷಮಿಸಿ, ಇಂಥ ಸಭೆಯಲ್ಲಿ ಆಡುವ ಮಾತಲ್ಲ. ಆದರೆ ಬಂದದ್ದು ಅದೇ.

ಅಣ್ಣನ ನೆರೆಹೊರೆಯವರು ಕೆಲವರು ಬಂದಿದ್ದೀರಿ, ನಿಮಗೆ ಗೊತ್ತಿರಲಾರದು. ನಮ್ಮಲ್ಲಿ ಸಿಮ್ಯುಲೇಟರ್ ಅಂತ ಒಂದು ಯಂತ್ರವಿದೆ. ಒಳಗೆ ಕೂತರೆ ಥೇಟ್ ವಿಮಾನವೇ, ಆದರೆ ನೆಲ ಬಿಟ್ಟು ಹೋಗುವುದಿಲ್ಲ. ಅದರಲ್ಲಿ ಎಂಜಿನ್ ಇಲ್ಲ; ಎಂಜಿನ್ ಹೇಗೆ ನಡೆದುಕೊಳ್ಳುತ್ತದೆ ಎಂಬ ಲೆಕ್ಕ ಮಾತ್ರ ಕಂಪ್ಯೂಟರಿನಲ್ಲಿದೆ. ಆ ಲೆಕ್ಕ ಬರೆದವರು ನಮ್ಮಣ್ಣ. ಅದಕ್ಕೂ ಮೊದಲು ಇಪ್ಪತ್ತು ವರ್ಷ ನಿಜವಾದ ಜೆಟ್ ಎಂಜಿನ್ನುಗಳ ಪಕ್ಕ ನಿಂತು ಎಡಗಿವಿ ಕಳೆದುಕೊಂಡಿದ್ದರು. ನಾನು ಆ ಯಂತ್ರವನ್ನು ನೋಡಿಕೊಳ್ಳುವ ಟೆಕ್ನಿಷಿಯನ್.

ಇಳಿಯುತ್ತಿರುವ ವಿಮಾನ ಕೊನೇ ಗಳಿಗೆಯಲ್ಲಿ ಮತ್ತೆ ಮೇಲೇಳಬೇಕು — ರನ್‌ವೇ ಮೇಲೆ ಏನೋ ಅಡ್ಡ ಬಂತು ಎನ್ನಿ. ಪೈಲಟ್ ಎಂಜಿನ್ನಿನ ಬಲ ಹೆಚ್ಚಿಸುವ ಲಿವರನ್ನು ಹೀಗೆ — ಹೀಗೆ ಮುಂದಕ್ಕೆ ತಳ್ಳುತ್ತಾನೆ. ಕಾರಿನ ಹಾಗೆ ಚಂಗನೆ ನೆಗೆಯುವುದಿಲ್ಲ ಜೆಟ್ ಎಂಜಿನ್. ನಮ್ಮ ವಿಮಾನದ್ದು ಪೂರ್ತಿ ಬಲಕ್ಕೆ ಬರಲು ಎಂಟು ಸೆಕೆಂಡು ಬೇಕು. ಮೊದಲ ನಾಲ್ಕೈದು ಸೆಕೆಂಡು ಏನೂ ಆಗುತ್ತಿಲ್ಲ ಎನ್ನಿಸುತ್ತದೆ. ನೆಲ ಮಾತ್ರ ಹತ್ತಿರ ಬರುತ್ತಲೇ ಇರುತ್ತದೆ.

“ಆ ಹೆದರಿಕೆನೇ ಪಾಠ ಕಣಯ್ಯ,” ಎನ್ನುತ್ತಿದ್ದರು ಅಣ್ಣ. “ಇಲ್ಲಿ ಹೆದರಿದೋನು ಅಲ್ಲಿ ಹೊತ್ತಿಗೆ ಮುಂಚೆ ತಳ್ತಾನೆ.” ಕೊರಳಲ್ಲಿ ಸದಾ ಸ್ಟಾಪ್‌ವಾಚು. ಬಾಯಲ್ಲಿ ಎಂಟು, ಎಂಟು, ಎಂಟು. ಅದಕ್ಕೇ ನಾವು ಎಂಟಣ್ಣ ಎಂದು ಕರೆದದ್ದು.

ತರಬೇತಿಗೆ ಹುಡುಗರನ್ನು ಕಳಿಸುವವರು ದೂರು ಕೊಟ್ಟರು — ನಿಮ್ಮ ಯಂತ್ರ ನಿದ್ದೆ ಮಾಡುತ್ತಿದೆ, ನಮ್ಮವರು ಫೇಲಾಗುತ್ತಿದ್ದಾರೆ. ಸಾಹೇಬರು ಮೀಟಿಂಗ್ ಕರೆದರು. “ಎಂಟನ್ನ ಮೂರು ಮಾಡ್ರಿ.”

ಎಂಟಣ್ಣ ಹೇಳಿದರು, “ಮಾಡೋಣ ಸಾರ್. ಮೊದ್ಲು ನಿಜವಾದ ಎಂಜಿನ್ನಿಗೆ ಹೇಳಿ ಒಪ್ಸಿ.”

ನಾವೆಲ್ಲ ನಕ್ಕೆವು. ಸಾಹೇಬರು ನಗಲಿಲ್ಲ. “ಊರಿಗೇ ಒಂದು ದಾರಿ ಆದ್ರೆ ಎಡವಟ್ಟನಿಗೆ ಒಂದು ದಾರಿ,” ಎಂದರು. ಮರುವಾರವೇ ಅಣ್ಣನ ಮೇಜು ಉಗ್ರಾಣಕ್ಕೆ ಹೋಯಿತು, ಹರಿದ ಸೀಟುಗಳ ಮಧ್ಯೆ. ಆವತ್ತು ಆ ಮೇಜಿನ ಒಂದು ತುದಿ ಹಿಡಿದು ಹೊತ್ತವರು ಈಗ ಎರಡನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಹೆಸರು ಹೇಳುವುದಿಲ್ಲ. ಇನ್ನೊಂದು ತುದಿ ಹಿಡಿದವನು ನಾನು.

ಆದರೆ ಪರೀಕ್ಷಕರು ವರ್ಷಕ್ಕೊಮ್ಮೆ ಬರುತ್ತಾರಲ್ಲ, ಯಂತ್ರ ನಿಜಕ್ಕೆ ತಾಳೆಯಾಗುತ್ತದೆಯೇ ನೋಡಲು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಂಜಿನ್ ಲೆಕ್ಕದ್ದು ಎರಡು ಫೈಲ್ ಮಾಡಿದೆವು. ಅವರು ಬರುವ ದಿನ ಎಂಟರದ್ದು. ಅವರ ಕಾರು ಗೇಟು ದಾಟಿದ ಮೇಲೆ ಮೂರರದ್ದು. ಬದಲಾಯಿಸುತ್ತಿದ್ದದ್ದು ಯಾರು ಗೊತ್ತೆ? — ಈ ಕೈ. ಮೂರು ವರ್ಷ, ಈ ಕೈ. ಈ ಬ್ಯಾನರಿನ ಮಾತು ಕೇಳಿ ವಾಕರಿಕೆ ಬಂತು ಎಂದೆನಲ್ಲ, ಕನ್ನಡಿ ನೋಡಿದರೂ ಹಾಗೇ ಆಗುತ್ತದೆ.

ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಎಂಟಣ್ಣ ಒಬ್ಬರೇ ಒಳಗೆ ಹೋಗಿ ಲಿವರ್ ತಳ್ಳಿ ನೋಡಿದ್ದಾರೆ. ಹೊರಗೆ ಬಂದು ಸ್ಟಾಪ್‌ವಾಚನ್ನು ನನ್ನ ಮುಖದ ಮುಂದೆ ಹಿಡಿದರು. ಮೂರು. ಬಯ್ಯಲಿಲ್ಲ. “ನಿನ್ ಮಗಳು ಹತ್ತೋ ವಿಮಾನ ನಡೆಸೋನು ಇಲ್ಲೇ ಕಲ್ತಿರ್ತಾನಲ್ಲಯ್ಯ,” ಎಂದರು. “ಮುಂದಿನ ವಾರ ಸರಿ ಮಾಡ್ತೀನಣ್ಣ,” ಎಂದೆ. ಮುಂದಿನ ವಾರ. ಮುಂದಿನ ವಾರ. ಕಳೆದ ಗುರುವಾರ ಉಗ್ರಾಣದ ಕುರ್ಚಿಯಲ್ಲೇ ಅವರ ಎದೆಬಡಿತ ನಿಂತುಹೋಯಿತು.

ಅತ್ತಿಗೆ, ತಡವಾಯಿತು. ಆದರೂ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಎಂಟರ ಫೈಲನ್ನು ವಾಪಸ್ ಹಾಕಿದ್ದೇನೆ. ಮೂರರದ್ದನ್ನು, ನಾನು ಮಾಡಿದ್ದನ್ನೆಲ್ಲ ಬರೆದು ಸಹಿ ಹಾಕಿದ ಪತ್ರದ ಜೊತೆ, ಪರೀಕ್ಷಕರಿಗೆ ಕಳಿಸಿದ್ದೇನೆ. ಸಾಹೇಬರೇ, ಮೈಕ್ ಕಡೆ ಕೈ ಚಾಚಬೇಡಿ, ಮುಗಿಸುತ್ತಿದ್ದೇನೆ. ನಾಳೆ ನನಗೆ ಉಗ್ರಾಣದಲ್ಲೂ ಜಾಗ ಇರುವುದಿಲ್ಲ, ಗೊತ್ತು.

ಹಿಂದೆ ನಿಂತಿರುವ ಮಕ್ಕಳೇ, ನಿಮ್ಮಲ್ಲಿ ಹಲವರು ಮೂರರಲ್ಲಿ ಪಾಸಾಗಿದ್ದೀರಿ. ನಾವು ನಿಮಗೆ ಸುಳ್ಳು ಕಲಿಸಿದ್ದೇವೆ. ದಯವಿಟ್ಟು ಮತ್ತೆ ಬಂದು ಕೂತು ಕಲಿಯಿರಿ.

ಕೊನೆಯದಾಗಿ ಒಂದು ಮಾತು. ಹೋದ ವರ್ಷ ನಮ್ಮ ಗೇಟಿನ ಕಾವಲುಗಾರ ತೀರಿಕೊಂಡಾಗ ಇದೇ ಹಾಲಿನಲ್ಲಿ ಒಂದು ನಿಮಿಷ ಮೌನ ಎಂದೆವು. ಕೂತ ಮೇಲೆ ಎಂಟಣ್ಣ ಮೆಲ್ಲಗೆ ಸ್ಟಾಪ್‌ವಾಚು ತೋರಿಸಿದರು — ಇಪ್ಪತ್ತೆರಡು ಸೆಕೆಂಡು. “ಸತ್ತೋನಿಗೂ ಮೋಸ ಮಾಡ್ತೀರಲ್ರೋ,” ಎಂದರು.

ಆ ಸ್ಟಾಪ್‌ವಾಚನ್ನು ಅತ್ತಿಗೆ ಇವತ್ತು ನನ್ನ ಕೈಗೆ ಕೊಟ್ಟಿದ್ದಾರೆ. ಇಗೋ. ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಸಾಹೇಬರೂ. ಮಕ್ಕಳೇ, ನೀವು ಮನಸ್ಸಿನಲ್ಲೇ ಲಿವರ್ ತಳ್ಳಿ, ಎಂಟರವರೆಗೆ ಎಣಿಸಿ. ಎಷ್ಟು ಉದ್ದ ಅಂತ ಗೊತ್ತಾಗಲಿ. ಆಮೇಲೂ ಕೂರಬೇಡಿ. ಇವತ್ತು ಅರವತ್ತು ಸೆಕೆಂಡು ಎಂದರೆ ಅರವತ್ತು.

ಗುಂಡಿ ಒತ್ತುತ್ತಿದ್ದೇನೆ. —