ಅಪ್ಪ ತೀರಿಹೋದ ದಿನದ ಪುಟ

"ಆ ಒಂದು ಪುಟ ಹರಿದುಬಿಡು ಸೆವ್ರಿನ್," ಎಂದು ತಾಯಿ ಮಗಳ ಮಡಿಲಿನ ದಿನಚರಿಗೆ ಕೈ ಹಾಕಿದಳು. ಮೂಡಬಿದಿರೆಯ ಬಸ್ಸು ನಿಲ್ದಾಣದ ಅದೇ ಬೆಂಚಿನಲ್ಲಿ ತನ್ನ ಬಸ್ಸಿಗೆ ಕಾಯುತ್ತ ಕುಳಿತಿದ್ದ ಅಪರಿಚಿತೆ ತ್ರಿಶಲಾ, ಅವರ ಕೊಂಕಣಿ ತಿಳಿಯದವಳ ಹಾಗೆ ರಸ್ತೆ ನೋಡತೊಡಗಿದಳು.

"ದಿನಾ ಬರಿ ಅಂದದ್ದು ಪಾದ್ರಿಗಳೇ ಅಲ್ವಾ ಮಾಂಯ್?"

"ದೇವರ ಮೇಲೆ ಸಿಟ್ಟು ಬಂತು ಅಂತ ಬರಿ ಅಂದ್ರಾ? ಇವತ್ತು ಕಾನ್ವೆಂಟಿನಲ್ಲಿ ದೊಡ್ಡ ಮದರ್ ಅದನ್ನು ಓದ್ತಾರೆ. ಬಂದ ಬಸ್ಸಿಗೇ ನಿನ್ನನ್ನು ವಾಪಸು ಕಳಿಸ್ತಾರೆ."

"ಸಿಟ್ಟು ಬಂದದ್ದು ಸುಳ್ಳಾ?"

"ಅಪ್ಪನ ಹೆಣದ ಮುಂದೆ ತೇರ್ಸ್ ಜಪ ಹೇಳಿಸಿದ್ದು ನೀನೇ ಅಲ್ವಾ? ಜಪಮಾಲೆಯ ಒಂದು ಮಣಿ ತಪ್ಪಲಿಲ್ಲ ಅಂತ ಊರಿಡೀ ಹೊಗಳಿತು."

"ಬಾಯಿ ಹೇಳಿತು. ನಾನು ಹೇಳಲಿಲ್ಲ."

ತ್ರಿಶಲಾಳಿಗೆ ತಿರುಗಿ ನೋಡದೆ ಇರಲಾಗಲಿಲ್ಲ. ಹುಡುಗಿಗೆ ಹದಿನೆಂಟೂ ತುಂಬಿರಲಿಕ್ಕಿಲ್ಲ.

"ಸಿಸ್ಟರ್ ಆಗ್ತೇನೆ ಅಂತ ಆರು ವರ್ಷ ಹಠ ಹಿಡಿದವಳು, ಒಂದು ಪುಟಕ್ಕೆ ಅದನ್ನು ಕಳಕೊಳ್ತೀಯಾ?"

ಮಂಗಳೂರಿನ ಬಸ್ಸು ಬಂದು ನಿಂತಿತು. ತಾಯಿ ಚೀಲದಿಂದ ಹೊಸ ನೋಟುಪುಸ್ತಕವೊಂದನ್ನು ತೆಗೆದು ಮುಂದೆ ಹಿಡಿದಳು.

"ಇದರಲ್ಲಿ ಚಂದ ಮಾಡಿ ಬರಿ. ಅಪ್ಪನ ಆತ್ಮಕ್ಕೆ ಪ್ರಾರ್ಥಿಸಿದೆ ಅಂತ ಒಂದು ಗೆರೆ ಸಾಕು. ಉಳಿದದ್ದು ನೋಡಿ ಬರೆಯುವುದಲ್ವಾ, ಮಂಗಳೂರು ಮುಟ್ಟುವುದರೊಳಗೆ ಮುಗೀತದೆ."

"ಬರೆಯುವುದಿಲ್ಲ ಮಾಂಯ್," ಎಂದು ಹುಡುಗಿ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದಳು.