ಹದಿನೇಳನೆಯ ನಂಬರಿಗೆ ಮೂರನೆಯ ಭೇಟಿ

ಈ ಬೀಳ್ಕೊಡುಗೆಯ ಅಧ್ಯಕ್ಷತೆ ವಹಿಸಿರುವ ನಿರ್ದೇಶಕರೇ, ಊಟ ತಡವಾದರೂ ಎದ್ದುಹೋಗದೆ ಕುಳಿತಿರುವ ಅತಿಥಿಗಳೇ, ಅಂಕಿ ಅಂಶ ಕಚೇರಿಯ ನನ್ನ ಬಂಧುಗಳೇ, ಸಭಿಕರೇ,

ಮೂವತ್ತೆರಡು ವರ್ಷ ಈ ಜಿಲ್ಲೆಯ ಮನೆಗಳ ವರಮಾನ ಅಂದಾಜು ಮಾಡಿದವನಿಗೆ ಗೋಡೆ ಗಡಿಯಾರ ಕೊಟ್ಟಿದ್ದೀರಿ. ಸಂತೋಷ. ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗದವನಿಗೆ ಇನ್ನೇನು ಕೊಡಬೇಕು?

"ಸರಾಸರಿ ಅನ್ಬೇಡಿ, ಮಧ್ಯಾಂಕ ಅನ್ನಿ" ಎಂದು ನಾನು ಗದರುವುದನ್ನು ನನಗಿಂತ ಮೊದಲು ಮಾತಾಡಿದವರು ಅಣಕಿಸಿ ತೋರಿಸಿದರು. ನಾನೂ ನಕ್ಕೆ. ಆದರೆ ಊರಿಗೊಬ್ಬ ಗಿರಣಿ ಮಾಲೀಕ ಬಂದರೆ ಸಾಕು, ಸರಾಸರಿ ಜಿಗಿಯುತ್ತದೆ; ಉಳಿದವರ ಜೇಬಿಗೆ ಬಿಡಿಗಾಸೂ ಬಿದ್ದಿರುವುದಿಲ್ಲ. ಮಧ್ಯಾಂಕ ಹಾಗಲ್ಲ. ಸಾವಿರದೊಂದು ಮನೆಗಳನ್ನು ಆರಿಸಿಕೊಂಡಿದ್ದೇವೆ. ವರ್ಷ ವರ್ಷವೂ ಅವೇ ಮನೆಗಳಿಗೆ ಹೋಗಿ ವರಮಾನ ಕೇಳಿ, ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸುತ್ತೇವೆ. ಐನೂರು ಮನೆ ಈಚೆ, ಐನೂರು ಮನೆ ಆಚೆ. ನಡುವೆ ಉಳಿದ ಆ ಒಂದು ಮನೆಯ ವರಮಾನವೇ ಜಿಲ್ಲೆಯ ಮಧ್ಯಾಂಕ. ಅದನ್ನು ನಂಬಿಕೊಂಡು ಶಾಲೆ ಕಟ್ಟುತ್ತಾರೆ, ಆಸ್ಪತ್ರೆ ಕಟ್ಟುತ್ತಾರೆ. ಆ ಮನೆಯವರಿಗೆ ಮಾತ್ರ ಇದಾವುದೂ ಗೊತ್ತಿರುವುದಿಲ್ಲ.

ಬೀಗ ಹಾಕಿದ ಮನೆಗೆ ಮೂರು ಸಲ ಹೋಗಬೇಕು ಎಂಬುದು ನಮ್ಮ ನಿಯಮ. ಮೂರನೆಯ ಸಲವೂ ಬೀಗವಿದ್ದರೆ ಫಾರಂ ಖಾಲಿ ಬಿಟ್ಟು ಸಹಿ ಮಾಡಬೇಕು. ಈ ನಿಯಮವನ್ನು ನಿಮಗೆಲ್ಲ ತಲೆ ಚಿಟ್ಟುಹಿಡಿಯುವಷ್ಟು ಹೇಳಿದವನು ನಾನು. ಅದನ್ನು ಮೊದಲ ವರ್ಷವೇ ಮುರಿದವನೂ ನಾನೇ.

ದರ್ಜಿಗಳ ಬೀದಿ, ಹದಿನೇಳನೆಯ ನಂಬರು. ಹಸಿರು ಬಾಗಿಲು, ಹಿತ್ತಾಳೆ ಬೀಗ. ಎರಡು ಸಲ ಹೋಗಿದ್ದೆ. ಮೂರನೆಯ ಸಲ ಹೊರಟ ಬೆಳಿಗ್ಗೆ ನನ್ನ ಹೆಂಡತಿ, ತುಂಬು ಬಸುರಿ, ಬಾಗಿಲಲ್ಲಿ ನಿಂತು ನಗುತ್ತ ಹೇಳಿದ್ದಳು: "ಊರೋರ ಬಾಗಿಲೆಲ್ಲ ತಟ್ಟಿ ಬರ್ತೀರಿ. ನಮ್ಮ ಮನೇದು ಮಾತ್ರ ತಟ್ಬೇಡಿ. ತೆಗ್ದೇ ಇಟ್ಟಿರ್ತೀನಿ."

ಬೀದಿಯ ತಿರುವಿನಲ್ಲಿದ್ದಾಗ ಆಸ್ಪತ್ರೆಯಿಂದ ಕರೆ ಬಂತೆಂದು ಜವಾನ ಓಡಿಬಂದ. ನಾನು ತಲುಪುವಷ್ಟರಲ್ಲಿ ತಾಯಿ ಮಗು ಇಬ್ಬರೂ ಉಳಿದಿರಲಿಲ್ಲ. ಹೆಣ್ಣು ಮಗುವಂತೆ.

ಹದಿನೈದು ದಿನ ಬಿಟ್ಟು ಕಚೇರಿಗೆ ಬಂದೆ. ಮೇಜಿನ ಮೇಲೆ ಹದಿನೇಳರ ಫಾರಂ ಇತ್ತು. ಏನು ಬರೆದೆ? ಗಂಡ, ಹೆಂಡತಿ, ಹೆಣ್ಣು ಮಗು ಒಂದು. ವರಮಾನದ ಜಾಗದಲ್ಲಿ ನನ್ನ ಸಂಬಳ ಬರೆದೆ. ಆ ವರ್ಷ ಲೆಕ್ಕ ಹಾಕಿದಾಗ ನಡುವೆ ನಿಂತದ್ದು ಅದೇ ಮನೆ.

ಮರುವರ್ಷವೂ ಅದೇ. ಅದರ ಮರುವರ್ಷವೂ ಅದೇ. ಸಂಬಳ ಏರಿತು, ಜಿಲ್ಲೆಯೂ ಏರಿತು, ಮನೆ ಕದಲಲಿಲ್ಲ. ಆ ಬೀದಿಗೆ ಯಾರನ್ನೂ ಕಳಿಸಲಿಲ್ಲ, ನಾನೂ ಕಾಲಿಡಲಿಲ್ಲ. ಮಗುವಿನ ವಯಸ್ಸಿಗೆ ಒಂದೊಂದು ಸೇರಿಸುತ್ತ ಬಂದೆ. ಶಾಲೆಗೆ ಸೇರಿಸಿದೆ. ಒಂದು ವರ್ಷ ಮರೆತೆ, ಕಂಪ್ಯೂಟರು ಫಾರಂ ತಿರುಗಿಸಿ ಕಳಿಸಿತು: ಕಳೆದ ಸಲವೂ ಒಂಬತ್ತು, ಈ ಸಲವೂ ಒಂಬತ್ತು, ಹೇಗೆ? ತಂದೆಯಾದವನಿಗೆ ಅಷ್ಟು ಮರೆವಿರಬಾರದು.

ಹೆದರಿಕೆಯಾಗಿ ಒಮ್ಮೆ ನಮ್ಮ ಫಾರಂ ತೆಗೆದಿಟ್ಟು ಲೆಕ್ಕ ಹಾಕಿದ್ದೂ ಉಂಟು. ಸಾವಿರ ಉಳಿದವು. ಐನೂರು ಈಚೆ, ಐನೂರು ಆಚೆ, ನಡುವೆ ಮನೆಯೇ ಇಲ್ಲ. ನೋಡಲಾಗದೆ ಮರಳಿ ಸೇರಿಸಿದೆ. ನಮ್ಮ ಫಾರಂ ಎಂದೆನೇ? ಕ್ಷಮಿಸಿ, ಹದಿನೇಳರದು.

ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರುವ ಮೇಡಂ ಮುಂದಿನ ಸಾಲಿನಲ್ಲಿದ್ದಾರೆ. ಕಡತ ವಹಿಸಿಕೊಳ್ಳುವ ಮುಂಚೆ ಮನೆಗಳನ್ನು ತಾವೇ ನೋಡುತ್ತೇನೆಂದು ಹೊರಟರು. ನಾನು ತಡೆಯಲಿಲ್ಲ. ನನ್ನ ಮಾನ ಇವತ್ತು ಹೋಯಿತು ಎಂದುಕೊಂಡು ಕಾದೆ. ನಿನ್ನೆ ಫಾರಂ ತಂದಿಟ್ಟರು. ಅವರು ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ.

"ಸರ್, ಹದಿನೇಳರಲ್ಲಿ ಒಬ್ಬ ಹೆಂಗಸು ಬಾಗಿಲು ತೆಗೆದ್ರು. ಮಗಳೂ ಇದ್ಲು, ಮೂವತ್ತು ದಾಟಿರ್ಬೇಕು. ಮೂರು ಜನ ಅಂತ ಬರ್ಸಿದ್ರು. ಯಜಮಾನ್ರು ಎಲ್ಲಿ ಅಂದೆ. ಆಫೀಸಲ್ಲಿ, ನಾಳೆಗೆ ಕೆಲ್ಸ ಮುಗೀತದಲ್ಲ, ಆಮೇಲೆ ಬರ್ತಾರೆ ಅಂದ್ರು. ನಾನು ಹೊರಡುವಾಗ ಬಾಗಿಲು ಎಳ್ಕೊಳ್ಳೋಕೆ ಹೋದೆ. ಬೇಡಮ್ಮ, ತೆಗ್ದೇ ಇರ್ಲಿ, ಅವರು ತಟ್ಟಲ್ಲ ಅಂದ್ರು."

ಮೇಡಂ, ತಲೆ ತಗ್ಗಿಸಬೇಡಿ. ನೀವು ಬರೆದದ್ದು ಸರಿಯಾಗಿದೆ. ವಯಸ್ಸೂ ತಾಳೆಯಾಗುತ್ತದೆ.

ನಿರ್ದೇಶಕರೇ, ನನ್ನನ್ನು ಬಾಡಿಗೆ ಕೋಣೆಗೆ ಬಿಡಲು ಕಾರು ಹೇಳಿದ್ದೀರಿ. ದಯವಿಟ್ಟು ದರ್ಜಿಗಳ ಬೀದಿಯ ತಿರುವಿಗೆ ಬಿಡಲು ಹೇಳಿ. ನನಗೆ ಭಯವಾಗುತ್ತಿದೆ, ಮುಚ್ಚಿಡುವುದಿಲ್ಲ. ಆದರೆ ಮೂರನೆಯ ಭೇಟಿ ಬಾಕಿ ಇದೆ. ಊಟಕ್ಕೆ ಕಾಯಬೇಡಿ. ಗಡಿಯಾರಕ್ಕಾಗಿ ಮತ್ತೊಮ್ಮೆ ಕೃತಜ್ಞತೆ. ನಮ್ಮ ಮನೆಯ ಗೋಡೆಗೆ ಬೇಕಾಗಿತ್ತು. ಇಷ್ಟು ವರ್ಷ ನನ್ನನ್ನು ನಂಬಿದ ನಿಮಗೆಲ್ಲ ನಮಸ್ಕಾರ.